ಅವಳ ದನಿಯಲ್ಲಿ ಇನ್ಯಾರೋ

ಮುಚ್ಚಿದ ಬಾಗಿಲಿನ ಆಚೆ ಅವಳು ಮಾತಾಡುತ್ತಿದ್ದಳು.

ಈಚೆ, ಕಾರಿಡಾರಿನಲ್ಲಿ ಹೆಗಲಿಗೆ ಚೀಲ ಹಾಕಿಕೊಂಡು ತುಟಿ ಬಿಗಿದು ನಿಂತಿದ್ದವಳೂ ಅವಳೇ.

"ಯಾಕಿಷ್ಟು ತಡ? ಕೈ ನೋಡು, ಎಷ್ಟು ತಣ್ಣಗಿದೆ... ಕೊಡು ಇಲ್ಲಿ."

ಕೊರಿಯನ್ ಭಾಷೆಯ ಮಾತು. ಆದರೆ ದನಿ ಅವಳದು. ಪದದ ಕೊನೆಯಲ್ಲಿ ಉಸಿರು ಸ್ವಲ್ಪ ಜಾರುವುದು, ನಡುವೆ ಒಂದು ಸಣ್ಣ ತಡೆ... ತನ್ನ ದನಿಯ ಗುರುತು ತನಗೇ ಸಿಗದಿರುತ್ತದೆಯೇ?

ಅವಳ ಕೈ ತಾನಾಗಿಯೇ ಗಂಟಲಿಗೆ ಹೋಯಿತು.

ಬಾಗಿಲ ಹಿಡಿಗೆ ಕೈ ಹಾಕುವಷ್ಟರಲ್ಲಿ ಯಾರೋ ನಡುವೆ ಬಂದು ನಿಂತರು. ಬಿಳಿ ಕೋಟು, ಎರಡು ದಿನದ ಗಡ್ಡ, ನಿದ್ದೆಗೆಟ್ಟ ಕಣ್ಣು.

"ಒಳಗೆ ಹೋಗ್ಬೇಡಿ. ಒಬ್ರು ಕೂತಿದಾರೆ."

"ಕೂತಿರೋರು ಯಾರು? ಅದು ನನ್ನ ದನಿ."

ಅವನ ಮುಖದ ರಕ್ತ ಇಳಿದುಹೋಯಿತು. ದೆವ್ವ ಎದುರಿಗೆ ಬಂದು ಹೆಸರು ಹಿಡಿದು ಕರೆದರೆ ಮನುಷ್ಯ ಹೇಗೆ ನೋಡುತ್ತಾನೋ ಹಾಗೆ ಅವಳ ಬಾಯಿಯನ್ನೇ ನೋಡಿದ.

"ಇನ್ನೊಂದ್ಸಲ ಮಾತಾಡಿ," ಎಂದ ಮೆಲ್ಲಗೆ.

ಅವಳು ಮಾತಾಡಲಿಲ್ಲ. ಒಳಗಿನ ದನಿ ಮಾತ್ರ ಮಾತಾಡುತ್ತಲೇ ಇತ್ತು.

ಅವಳು ದುಭಾಷಿ. ಕೊರಿಯಾದಿಂದ ವ್ಯವಹಾರಕ್ಕೆ ಬರುವವರ ಮಾತನ್ನು ಇಲ್ಲಿನವರಿಗೆ, ಇಲ್ಲಿನವರದನ್ನು ಅವರಿಗೆ ದಾಟಿಸುವುದು ಅವಳ ಕೆಲಸ. ಸ್ವಂತ ಮಾತೆಂದರೆ ಬಾಯಿಗೆ ಬೀಗ. ಅದಕ್ಕೇ ಮನೆಯಲ್ಲಿ ಅಕ್ಕ ಅವಳನ್ನು ಬೇಕೆಂದೇ 'ವಟವಟ' ಎಂದು ಕರೆಯುತ್ತಿದ್ದಳು.

ಎರಡು ವರ್ಷದ ಹಿಂದೆ ಒಂದು ಆರೋಗ್ಯ ಸಂಶೋಧನೆಗೆ ಅವಳು ದನಿ ಕೊಟ್ಟಿದ್ದಳು. ಕಾಯಿಲೆಯಿಂದ ಧ್ವನಿಪೆಟ್ಟಿಗೆ ತೆಗೆಸಿಕೊಂಡವರು ಅಕ್ಷರ ಒತ್ತಿದರೆ ಯಂತ್ರ ಅದನ್ನು ಮನುಷ್ಯರ ದನಿಯಲ್ಲಿ ಆಡಬೇಕು, ಅದಕ್ಕಾಗಿ. ಸ್ಟುಡಿಯೋದಲ್ಲಿ ಕೂತು ಕೊರಿಯನ್ ವಾಕ್ಯಗಳನ್ನು ಓದಿ ಬಂದಿದ್ದಳು, ಅಷ್ಟೇ. ದನಿ ಕೊಟ್ಟವರಿಗೆ ಹೆಸರಿಲ್ಲ, ಬರೀ ನಂಬರು. ಆ ಸಂಶೋಧನೆಯ ಕಂಪನಿ ಇದೇ ಎಂದು ಅವಳಿಗೆ ಗೊತ್ತಿರಲಿಲ್ಲ. ಹೂಡಿಕೆದಾರರು ಬರುತ್ತಾರೆ, ಒಂದು ವಾರದ ಕೆಲಸ ಎಂದು ಕರೆದಿದ್ದರು, ಬಂದಿದ್ದಳು.

ಆದರೆ ಅವಳನ್ನು ನಡುಗಿಸಿದ್ದು ದನಿಯಲ್ಲ... ಆ ಮಾತಿನ ಸಲಿಗೆ.

ಕೊರಿಯನ್ನರು ಗೌರವಕ್ಕೆ ವಾಕ್ಯದ ಕೊನೆಗೆ 'ಯೋ' ಸೇರಿಸುತ್ತಾರೆ. ನಾವು 'ಬಾ' ಎನ್ನುವ ಕಡೆ 'ಬನ್ನಿ' ಎಂದ ಹಾಗೆ. ತೀರಾ ಹತ್ತಿರದವರ ಜೊತೆ ಮಾತ್ರ ಅದನ್ನು ಬಿಡುತ್ತಾರೆ. ಅವಳು ಆ ಭಾಷೆ ಕಲಿತದ್ದು ತರಗತಿಯಲ್ಲಿ, ಆಡಿದ್ದು ಮೀಟಿಂಗುಗಳಲ್ಲಿ. ಇಡೀ ಬದುಕಿನಲ್ಲಿ ಯಾರ ಹತ್ತಿರವೂ ಆ 'ಯೋ' ಬಿಟ್ಟು ಮಾತಾಡಿರಲಿಲ್ಲ.

ಬಾಗಿಲ ಹಿಂದಿನವಳು ಬಿಟ್ಟಿದ್ದಳು.

"ಅದು ಪೇಷೆಂಟ್ ವಿಷಯ. ನಾನು ಹೇಳೋ ಹಾಗಿಲ್ಲ," ಎಂದ ಬಿಳಿ ಕೋಟಿನವನು. ಸಂಶೋಧನೆಯ ಮುಖ್ಯಸ್ಥ ಅವನೇ. ಎಲ್ಲರೂ 'ಡಾಕ್ಟ್ರೇ' ಎನ್ನುತ್ತಿದ್ದರು. "ಕೆಟ್ಟದ್ದೇನೂ ನಡೀತಿಲ್ಲ. ಅಷ್ಟು ನಂಬ್ತೀರಾ?"

ಅವಳು ನಂಬಿದಳು.

ಮುಂದಿನ ದಿನಗಳಲ್ಲಿ ಇಬ್ಬರೂ ಒಂದೇ ಮೇಜಿನ ಎದುರುಬದುರು ಕೂತರು. ಹೂಡಿಕೆದಾರರಿಗೆ ತೋರಿಸುವ ಒಂದೊಂದೇ ಚಿತ್ರವನ್ನು ಅವನು ವಿವರಿಸುವುದು, ಅವಳು ಕೊರಿಯನ್‌ಗೆ ತಿರುಗಿಸುವುದು. ನಡುನಡುವೆ ಅವನು ಶಾಲೆಯ ಹುಡುಗನಂತೆ ಕೇಳುತ್ತಿದ್ದ.

"ಅಪ್ಪನಿಗೆ ಏನಂತಾರೆ?"

"ಅಪ್ಪ ಅಂತಲೇ."

"ತಮಾಷೆ ಮಾಡ್ಬೇಡಿ."

"ನಿಜವಾಗ್ಲೂ. ಅಮ್ಮನಿಗೂ ಹೆಚ್ಚುಕಮ್ಮಿ ಅಮ್ಮನೇ. ಕ್ರಿಯಾಪದ ಕೂಡ ನಮ್ಮ ಹಾಗೇ ಕೊನೇಲಿ ಬರುತ್ತೆ."

"ಹಾಗಾದ್ರೆ ಅವರೂ ಪೂರ್ತಿ ಕೇಳಿಸ್ಕೊಂಡೇ ಜಗಳ ಆಡ್ಬೇಕು."

ಅವಳಿಗೆ ನಗು ಬಂತು. ಜೋರಾಗಿಯೇ. ಅವನು ಬರೆಯುವುದನ್ನು ನಿಲ್ಲಿಸಿ ಆ ನಗುವನ್ನು ಕೇಳಿದ. ಆ ದನಿ ನಗುವುದನ್ನು ಅವನು ಮೊದಲ ಸಲ ಕೇಳುತ್ತಿದ್ದ ಎಂಬುದು ಅವಳಿಗೆ ತಿಳಿಯಲಿಲ್ಲ.

ಪ್ರತಿ ಮಧ್ಯಾಹ್ನ, ಈ ಊರಲ್ಲೇ ನೆಲೆಸಿದ್ದ ಒಬ್ಬ ಕೊರಿಯನ್ ಅಜ್ಜ ಟೋಪಿ ಕೈಯಲ್ಲಿ ಹಿಡಿದು ಬರುತ್ತಿದ್ದರು. ಆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಗೋಡೆಯಾಚೆಯಿಂದ ಅವಳ ದನಿ ಶುರುವಾಗುತ್ತಿತ್ತು... ಗದರುತ್ತಾ, ಸಂತೈಸುತ್ತಾ.

ಆ ಹೊತ್ತಿಗೆ ಅವಳಿಗೆ ಬಾಯಿ ತೆರೆಯಲು ಹೆದರಿಕೆ. ತಾನು ಒಂದು ಮಾತಾಡಿದರೆ ಆಚೆ ಕಡೆಯವಳು ತಟ್ಟನೆ ನಿಲ್ಲಿಸಿ, ಕಿವಿಗೊಟ್ಟು ಕೇಳಿದರೆ?

"ಈಚೆಗೆ ಯಾಕೋ ಪೂರ್ತಿ ಮೂಗಿ ಆಗ್ಬಿಟ್ಟಿದೀಯಲ್ಲೇ ವಟವಟ," ಎಂದಳು ಅಕ್ಕ. "ಆ ಡಾಕ್ಟ್ರ ವಿಷಯ ಬಂದಾಗ ಮಾತ್ರ ಎರಡು ವಾಕ್ಯ ಹೆಚ್ಚು ಆಡ್ತೀಯ."

"ಹಾಗೇನಿಲ್ಲ ಕಣೇ."

"ನೋಡು, ಇದು ಅರ್ಧ ವಾಕ್ಯ. ಸುಳ್ಳು ಹೇಳೋವಾಗ ನಿಂದು ಯಾವಾಗ್ಲೂ ಅರ್ಧ ವಾಕ್ಯವೇ."

ಹೂಡಿಕೆದಾರರು ಬರುವ ಎರಡು ದಿನ ಮುಂಚೆ ಅದಾಯಿತು.

ಸಂಜೆ ಹೊರಟವಳು ಕೊಡೆ ಮರೆತೆನೆಂದು ತಿರುಗಿ ಬಂದಳು. ಅಜ್ಜ ಆಗಲೇ ಹೋಗಿದ್ದರು. ಆದರೆ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅವನೊಬ್ಬನೇ ಕಣ್ಣು ಮುಚ್ಚಿ ಕೂತಿದ್ದ. ಕೈಗಳು ತೊಡೆಯ ಮೇಲೆ. ಮೇಜಿನ ಮೇಲೆ ಊಟದ ಡಬ್ಬಿಯಷ್ಟು ದೊಡ್ಡ ಒಂದು ಪೆಟ್ಟಿಗೆ. ಕೀಲಿಮಣೆಯನ್ನು ಯಾರೂ ಮುಟ್ಟಿರಲಿಲ್ಲ.

"ಕ್ವೆಂಚಾನಾ," ಎಂದಿತು ಪೆಟ್ಟಿಗೆ, ಅವಳ ದನಿಯಲ್ಲಿ. ಏನೂ ಆಗಿಲ್ಲ ಬಿಡು. "ನಾನಿಲ್ಲೇ ಇದ್ದೀನಿ. ನಿನ್ನ ಹತ್ತಿರವೇ."

ಅವಳು ಹೊಸ್ತಿಲಲ್ಲೇ ನಿಂತಳು.

ಓಹೋ... ಪೇಷೆಂಟ್ ವಿಷಯ. ಹೇಳೋ ಹಾಗಿಲ್ಲ. ಒಬ್ಬ ಮುದುಕನನ್ನು ಮುಂದಿಟ್ಟುಕೊಂಡು ಇವನು ದಿನಾ ಇಲ್ಲಿ ಕೂತು...

"ನನ್ನ ಗಂಟಲನ್ನ ಈ ಡಬ್ಬೀಲಿಟ್ಟು ಏನು ಮಾಡ್ತಿದೀರಿ?"

ಅವನು ಬೆಚ್ಚಿ ಎದ್ದ. ಬೆವರಿದ್ದ.

"ನೀವಂದ್ಕೊಂಡ ಹಾಗಲ್ಲ..."

"ಮತ್ತೆ ಹೇಗೆ? ಅದು ಏನು ಹೇಳ್ತಿದೆ ಅಂತಾದ್ರೂ ಗೊತ್ತಾ ನಿಮಗೆ? ಹೆಂಡತಿ ಗಂಡನಿಗೆ ಹೇಳೋ ಮಾತದು."

ಅವನು ಪೆಟ್ಟಿಗೆಯ ಕಡೆ ಒಮ್ಮೆ, ಅವಳ ಕಡೆ ಒಮ್ಮೆ ನೋಡಿದ. ಹೆದರಿದ್ದ. ಅವಳಿಗೆ ಅದು ಕಳ್ಳನ ಹೆದರಿಕೆಯಾಗಿ ಕಂಡಿತು.

"ಎರಡು ದಿನ ಕೊಡಿ. ಎಲ್ಲ ಹೇಳ್ತೀನಿ. ಈಗ ಆಗಲ್ಲ."

ಕೊಡೆ ತೆಗೆದುಕೊಳ್ಳದೆ ಅವಳು ನಡೆದುಬಿಟ್ಟಳು.

ಮನೆಯಲ್ಲಿ ಅಕ್ಕ ಏನು ಕೇಳಿದರೂ ತಲೆಯಾಡಿಸಿದಳು. ಅಳು ಬಂದರೂ ಸದ್ದು ಮಾಡಲಿಲ್ಲ. ಆ ಸದ್ದು ಕೂಡ ಯಾರದೋ ಪಾಲಾದೀತು ಎನ್ನಿಸಿತು.

ಒಪ್ಪಿಕೊಂಡ ಕೆಲಸ ಬಿಡುವುದು ಅವಳ ಜಾಯಮಾನವಲ್ಲ. ಮಾತು ಕೊಟ್ಟ ದಿನ ಹೋದಳು.

ಉದ್ದನೆಯ ಮೇಜಿನ ಒಂದು ಬದಿ ಹೂಡಿಕೆ ಸಂಸ್ಥೆಯ ಹಿರಿಯ ಹೆಂಗಸು, ತೆಳು ಕನ್ನಡಕ, ಅಲುಗಾಡದ ಮುಖ. ಇನ್ನೊಂದು ಬದಿ ಕಂಪನಿ ಕಟ್ಟಿದ ಮೇಡಂ. ಡಾಕ್ಟರನ ಕುರ್ಚಿ ಖಾಲಿ. ಎರಡು ದಿನದಿಂದ ಅವನು ಆಫೀಸಿಗೇ ಬಂದಿರಲಿಲ್ಲವಂತೆ.

ಓಡಿಹೋದ, ಎಂದುಕೊಂಡಳು.

ಚಿತ್ರಗಳು ಮುಗಿದವು. ಮೇಡಂ ಬಾಗಿಲು ತೆರೆದು ಆ ಅಜ್ಜನನ್ನು ಒಳಗೆ ಕರೆತಂದರು. ಪೆಟ್ಟಿಗೆಯನ್ನು ಅವರ ಮುಂದಿಟ್ಟರು.

"ಇವರ ಹೆಂಡತಿಗೆ ಗಂಟಲಿನ ಆಪರೇಷನ್ ಆಗಿತ್ತು," ಎಂದರು. ದುಭಾಷಿ ಹೂಡಿಕೆಯ ಹೆಂಗಸಿನ ಕಿವಿಯ ಬಳಿ ಪಿಸುಮಾತಿನಲ್ಲಿ ತಿರುಗಿಸಿದಳು. "ಎಷ್ಟೋ ದನಿ ಕೇಳಿ ಒಂದನ್ನ ಆರಿಸ್ಕೊಂಡ್ರು, ಚಿಕ್ಕ ವಯಸ್ಸಿನಲ್ಲಿ ನನ್ನ ದನಿ ಹೀಗೇ ಇತ್ತು ಅಂತ. ಒಂದು ವರ್ಷ ಇದರಲ್ಲೇ ಗಂಡನ ಜೊತೆ ಮಾತಾಡಿದ್ರು. ಹೋದ ತಿಂಗಳು ತೀರಿಕೊಂಡ್ರು."

ಅವಳ ಅನುವಾದ ಅಲ್ಲಿ ಒಮ್ಮೆ ಮುಗ್ಗರಿಸಿತು.

"ಆದ್ರೆ ಮಾತು ನಿಂತಿಲ್ಲ. ಅವರು ಒತ್ತಿದ್ದ ಮಾತುಗಳನ್ನೆಲ್ಲ ಯಂತ್ರ ಕಲ್ತಿದೆ. ಈಗ ತಾನೇ ಉತ್ತರ ಕೊಡುತ್ತೆ."

ಅಜ್ಜ ಪೆಟ್ಟಿಗೆಯ ಕಡೆ ಬಾಗಿದರು.

"ಯೊಬೋ," ಎಂದರು. ಗಂಡಹೆಂಡಿರು ಮಾತ್ರ ಒಬ್ಬರನ್ನೊಬ್ಬರು ಹಾಗೆ ಕರೆಯುವುದು, ನಮ್ಮಲ್ಲಿ 'ರೀ' ಎಂದ ಹಾಗೆ. "ನೋವು ಇದೆಯಾ?"

"ಇಲ್ಲ," ಎಂದಿತು ಅವಳ ದನಿ. "ಸ್ವಲ್ಪವೂ ನೋವಿಲ್ಲ. ನಾಳೆನೂ ಬಾ."

ಹೂಡಿಕೆಯ ಹೆಂಗಸು ಕನ್ನಡಕ ಸರಿಪಡಿಸಿಕೊಂಡು ದುಭಾಷಿಯ ಕಡೆ ತಿರುಗಿದರು. "ಈ ಸೇವೆ ಇನ್ನೂ ಎಷ್ಟು ಕುಟುಂಬಗಳಿಗೆ ಬೇಕಾಗಬಹುದು, ಕಂಪನಿಯವರನ್ನು ಕೇಳಿ."

"ಕೇಳುತ್ತೇನೆ," ಎಂದಳು ಅವಳು, ಈ ಸಲ ಗಟ್ಟಿಯಾಗಿ, ಕೊರಿಯನ್‌ನಲ್ಲಿ.

ಅಜ್ಜನ ತಲೆ ಮೆಲ್ಲಗೆ ಮೇಲೆ ಬಂತು.

ಪೆಟ್ಟಿಗೆಯನ್ನು ನೋಡಿದರು. ಅವಳನ್ನು ನೋಡಿದರು. ಟೋಪಿ ಕೈಯಿಂದ ಜಾರಿ ನೆಲಕ್ಕೆ ಬಿತ್ತು.

"ಯಾರು ನೀನು?"

"ನಾನಿಲ್ಲೇ ಇದ್ದೀನಿ," ಎಂದಿತು ಪೆಟ್ಟಿಗೆ, ಪ್ರಶ್ನೆ ತನಗೇ ಎಂಬಂತೆ. "ನಿನ್ನ ಹತ್ತಿರವೇ."

ಅವಳು ಪೆಟ್ಟಿಗೆಯ ಕಡೆ ತಿರುಗಿದಳು. ಅದೇ ಮಾತು. ಮೊನ್ನೆ ಅವನಿಗೆ ಹೇಳಿದ್ದೂ ಇದನ್ನೇ. ಯಾರು ಕೂತರೂ, ಏನು ಕೇಳಿದರೂ ಇದಕ್ಕೆ ಒಂದೇ...

"ಏನು ಕೇಳಿದ್ರು ಅವರು?" ಮೇಡಂ ಪಿಸುಗುಟ್ಟಿದರು. "ಅನುವಾದ ಮಾಡಿ."

ಅವಳು ಮಾಡಲಿಲ್ಲ. ಮೇಜು ಬಳಸಿ ಹೋಗಿ ಅಜ್ಜನ ಕುರ್ಚಿಯ ಪಕ್ಕ ಮೊಣಕಾಲೂರಿ ಕೂತಳು. ಪ್ರತಿ ವಾಕ್ಯದ ಕೊನೆಗೆ ಗೌರವದ 'ಯೋ' ಇಟ್ಟು, ಬೇರೆ ಯಾರದ್ದೂ ಅಲ್ಲದ ಮಾತನ್ನು ನಿಧಾನವಾಗಿ ಆಡಿದಳು.

"ಈ ದನಿ ನನ್ನದು, ಅಜ್ಜ. ನಿಮ್ಮ ಮನೆಯವರಿಗೆ ಕೊಟ್ಟಿದ್ದೆ. ಆ ಒಂದು ವರ್ಷ ಇದರಲ್ಲಿ ಬಂದ ಮಾತೆಲ್ಲ ಅವರದೇ. ಆದರೆ ಈಗ ಬರುತ್ತಿರುವುದು... ಅವರದಲ್ಲ. ನನ್ನದೂ ಅಲ್ಲ. ಇಲ್ಲಿ ಯಾರೂ ಇಲ್ಲ."

ಅಜ್ಜ ಬಾಗಿ ಟೋಪಿ ಎತ್ತಿಕೊಂಡರು.

"ಗೊತ್ತು ಮಗಳೇ," ಎಂದರು. "ಮೊದಲ ದಿನವೇ ಗೊತ್ತಾಯಿತು. ನೋವಿಲ್ಲ ಅನ್ನುತ್ತಲ್ಲ ಇದು? ನನ್ನವಳು ಹುಟ್ಟಿದಮೇಲೆ ಒಂದು ಸಲವೂ ಹಾಗಂದವಳಲ್ಲ. ಬೆರಳಿಗೆ ಸೂಜಿ ತಾಗಿದರೂ ಮೂರು ದಿನ ನನ್ನನ್ನು ಬೈಯುತ್ತಿದ್ದಳು." ಅವರು ಟೋಪಿಯ ಅಂಚು ಸವರಿದರು. "ಮನೆ ತುಂಬಾ ನಿಶ್ಶಬ್ದ. ಅದಕ್ಕೇ ಬರುತ್ತಿದ್ದೆ."

ಅಷ್ಟರಲ್ಲಿ ಬಾಗಿಲು ತೆರೆಯಿತು. ಡಾಕ್ಟರ್. ಅದೇ ಗಡ್ಡ ಇನ್ನಷ್ಟು ಬೆಳೆದಿತ್ತು.

"ಮೇಡಂ, ಇದನ್ನ ನಿಲ್ಸಿ. ಪೇಷೆಂಟ್ ಒಪ್ಪಿದ್ದು ಬದುಕಿರೋವರೆಗೆ ಮಾತ್ರ. ಆಸ್ಪತ್ರೆಯ ಸಂಶೋಧನಾ ಸಮಿತಿಗೆ ಎಲ್ಲ ಹೇಳಿ ಬಂದಿದೀನಿ."

"ಕಂಪನಿ ಉಳೀಬೇಕಾ ಬೇಡ್ವಾ ನಿಮಗೆ?" ಮೇಡಂ ಸ್ವರ ಒಡೆಯಿತು. "ಅವರಿಗೂ ಸಮಾಧಾನ ಆಗ್ತಿತ್ತು..."

ಅಜ್ಜನಿಗೆ ಆ ಮಾತು ಒಂದೂ ತಿಳಿಯಲಿಲ್ಲ. ಅವರೇ ಕೈ ಚಾಚಿ ಪೆಟ್ಟಿಗೆಯ ಗುಂಡಿ ಒತ್ತಿದರು. ಸಣ್ಣ ಹಸಿರು ದೀಪ ಆರಿತು. ಅದು ನಡುವಾಕ್ಯದಲ್ಲಿತ್ತು.

ಹೂಡಿಕೆಯ ಹೆಂಗಸು ಎದ್ದು ಅಜ್ಜನಿಗೆ ಸೊಂಟ ಬಾಗಿಸಿ ನಮಸ್ಕರಿಸಿದರು. ಬೇರೇನೂ ಹೇಳದೆ ಹೊರಟುಹೋದರು. ಆ ಸಂಸ್ಥೆಯಿಂದ ಮತ್ತೆ ಕರೆ ಬರಲಿಲ್ಲ.

ಹೊರಡುವಾಗ ಅಜ್ಜ ಅವಳ ಕೆನ್ನೆ ತಟ್ಟಿದರು. "ಒಳ್ಳೆಯ ದನಿ. ಬೈಯುವುದಕ್ಕೆ ಹೇಳಿ ಮಾಡಿಸಿದ್ದು. ಒಂದು ವರ್ಷ ಚೆನ್ನಾಗಿ ಬೈಸಿಕೊಂಡೆ."

ಎಲ್ಲರೂ ಹೋದಮೇಲೆ ಕಾರಿಡಾರಿನಲ್ಲಿ ಅವರಿಬ್ಬರೇ ಉಳಿದರು.

"ಹಳೇ ರೆಕಾರ್ಡಿಂಗ್ ಕೇಳೋಕೆ ಬರ್ತಾರೆ ಅಂತ ಮೇಡಂ ಹೇಳಿದ್ರು. ನಂಬಿದ್ದೆ," ಎಂದ ಅವನು. "ನನಗೆ ಭಾಷೆ ಬರಲ್ಲ ನೋಡಿ. ಅವತ್ತು ಆ ಕೋಣೇಲಿ ಸುಮ್ನೆ ಕೂತು ಕೆಮ್ಮಿದೆ, ಅಷ್ಟೇ. ಅದು ಮಾತಾಡ್ತು... ಕೈಕಾಲು ಆಡ್ಲಿಲ್ಲ. ಕಣ್ಣು ಮುಚ್ಕೊಂಡಿದ್ದು ಭಯಕ್ಕೆ."

"ನನಗೆ ಯಾಕೆ ಹೇಳ್ಲಿಲ್ಲ?"

"ಏನು ಹೇಳ್ಲಿ? ನಿಮ್ಮ ದನೀಲಿ ಮಾತಾಡ್ತಿದ್ದೋರು ಸತ್ತಿದಾರೆ, ಆದ್ರೂ ಮಾತಾಡ್ತಿದಾರೆ ಅಂತಲಾ? ಯಾರು ಮಾಡಿದ್ದು ಅಂತ ಆಗ ನನಗೇ ಗೊತ್ತಿರ್ಲಿಲ್ಲ."

ಅವಳು ತಲೆ ತಗ್ಗಿಸಿದಳು. ಕಳ್ಳನ ಹೆದರಿಕೆ ಅಂದುಕೊಂಡಿದ್ದೆನಲ್ಲ...

ಕಂಪನಿ ಮುಚ್ಚಿತು. ಸಂಶೋಧನೆ ಸರ್ಕಾರಿ ಆಸ್ಪತ್ರೆಯೊಂದರ ಹಿಂಬದಿಯ ಎರಡು ಕೋಣೆಗೆ ಬಂತು. ಕೆಲವು ತಿಂಗಳ ಮೇಲೆ ಒಂದು ಬೆಳಗ್ಗೆ ಅವಳು ಅಲ್ಲಿಗೆ ಹೋದಳು. ಅವನೇ ಫೋನು ಮಾಡಿ ಕರೆದಿದ್ದ.

"ನಿಮ್ಮ ದನಿ ಇನ್ನೂ ಯಂತ್ರದಲ್ಲಿದೆ. ನಿಮ್ಮ ಎದುರಿಗೇ ಅಳಿಸ್ತೀನಿ. ಗುಂಡಿ ನೀವೇ ಒತ್ತಿ."

ಅವಳು ಪರದೆಯ ಮುಂದೆ ಕೂತಳು. ಪಕ್ಕದ ಕೋಣೆಯಲ್ಲಿ ಕುತ್ತಿಗೆಗೆ ಪಟ್ಟಿ ಸುತ್ತಿಕೊಂಡ ಒಬ್ಬಳು ತಾಯಿ, ಮಗುವಿಗೆ ಏನನ್ನೋ ಹೇಳಲು ಕೈಯಲ್ಲೇ ಒದ್ದಾಡುತ್ತಿದ್ದಳು. ಮಗು ಅರ್ಥವಾಗದೆ ಅಳುತ್ತಿತ್ತು.

ಅವಳು ಬೆರಳು ಹಿಂದೆಗೆದಳು.

"ಬೇಡ. ಇರ್ಲಿ. ನಮ್ಮ ಭಾಷೇಲೂ ಓದಿ ಕೊಡ್ತೀನಿ. ಆದ್ರೆ ಬದುಕಿರೋರು ಒತ್ತಿದ್ರೆ ಮಾತ್ರ ಅದು ಬಾಯಿ ಬಿಡ್ಬೇಕು."

"ಅದಕ್ಕೆ ಬೇರೆ ದಾರೀನೇ ಇಲ್ದಿರೋ ಹಾಗೆ ಮಾಡಿದೀನಿ."

ಅವನು ಪೆನ್ನು ತೆಗೆದ, ಇಟ್ಟ, ಮತ್ತೆ ತೆಗೆದ.

"ಒಂದು ವಾಕ್ಯ ಕಲ್ತಿದೀನಿ... ಚೋವಾಹೆಯೋ."

ಅವಳ ಕಿವಿ ಬಿಸಿಯಾಯಿತು. ಆದರೂ ದುಭಾಷಿಯ ಗಾಂಭೀರ್ಯದಿಂದ ಕೇಳಿದಳು. "ಇಷ್ಟ ಅಂತ ಅದರರ್ಥ. ಯಾರಿಗೆ, ಯಾರು ಅಂತ ಅದರಲ್ಲಿಲ್ಲ. ಕೇಳೋರಿಗೆ ಹೇಗೆ ಗೊತ್ತಾಗ್ಬೇಕು?"

"ಹೇಳೋನು ಒಬ್ಬ, ಕೇಳೋರು ಒಬ್ರು. ಈ ರೂಮಲ್ಲಿ ಇನ್ಯಾರಿದಾರೆ?"

ಅವಳು ಸುತ್ತ ನೋಡಿದಳು. ನಿಜ. ಇನ್ಯಾರೂ ಇರಲಿಲ್ಲ.

"ಇನ್ನೊಂದ್ಸಲ ಹೇಳಿ," ಎಂದಳು ಮೆಲ್ಲಗೆ.

"ಯಾಕೆ, ಉಚ್ಚಾರ ತಪ್ಪಾಯ್ತಾ?"

"ಇಲ್ಲ... ಸರಿಯಾಗೇ ಇತ್ತು. ಅದಕ್ಕೇ."