ಮೆಟ್ಟಿಲ ಕೆಳಗಿನ ಮೂಲೆದೊರೆ

ಕಾಗೆ ಬೆಳ್ಳಗಿದ್ದ ಕಾಲವೇನಲ್ಲ, ಅದಕ್ಕಿಂತ ಒಂದಿಷ್ಟು ಈಚೆಗೆ, ಎತ್ತರಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಉನ್ನತಸೇನನೆಂಬ ರಾಜ ಆಳುತ್ತಿದ್ದ. ರಾಜ ಒಳ್ಳೆಯವನೇ. ಆದರೆ ಅವನ ವಂಶಕ್ಕೆ ಒಂದು ಹುಚ್ಚಿತ್ತು. ಅವರು ಯಾರೂ ಬಗ್ಗುತ್ತಿರಲಿಲ್ಲ. "ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು" ಎಂದು ರಾಜನ ಅಜ್ಜ ಯಾವುದೋ ಯುದ್ಧ ಸೋತು ಬಂದ ದಿನ ಹೇಳಿದ್ದನಂತೆ. ಅಂದಿನಿಂದ ಅರಮನೆಯಲ್ಲಿ ಬಗ್ಗುವುದೇ ನಿಷಿದ್ಧ. ನೆಲಕ್ಕೆ ಬಿದ್ದ ಉಂಗುರವನ್ನು ಸೇವಕರು ಉದ್ದನೆಯ ಇಕ್ಕಳದಲ್ಲಿ ಎತ್ತುತ್ತಿದ್ದರು. ಪೊರಕೆಗೂ ಆಳೆತ್ತರದ ಹಿಡಿ ಇತ್ತು.

ಆ ಅರಮನೆಯ ನಡುವೆ ದೊಡ್ಡ ಮರದ ಮೆಟ್ಟಿಲಸಾಲು. ಅದರ ಕೆಳಗೆ ಒಂದು ಜಾಗ. ಮೆಟ್ಟಿಲಿರುವ ಮನೆಯಲ್ಲೆಲ್ಲ ಅಂಥದೊಂದು ಜಾಗ ಇದ್ದೇ ಇರುತ್ತದೆ. ಒಂದು ತುದಿಯಲ್ಲಿ ಮನುಷ್ಯ ನಿಲ್ಲಬಹುದು, ನಡುವೆ ಕೂರಬಹುದು, ಕೊನೆಯ ಮೂಲೆಯಲ್ಲಿ ಬೆಕ್ಕೂ ಮೈ ಮುರಿಯಲಾರದು. ನೆಂಟರು ಬರುತ್ತಾರೆಂದರೆ ಸಾಕು, ಕಣ್ಣಿಗೆ ಚೆಂದ ಕಾಣದ್ದೆಲ್ಲ ಆ ಜಾಗಕ್ಕೆ ಹೋಗುತ್ತಿತ್ತು. ಹರಿದ ಜಮಖಾನೆ, ಸೊಟ್ಟ ಹಂಡೆ, ಮುರಿದ ಕೊಡೆ, ಎಲ್ಲವನ್ನೂ ಸೇವಕರು ನೆಟ್ಟಗೆ ನಿಂತೇ ಬಿದಿರ ಗಳದಿಂದ ಒಳಗೆ ತಳ್ಳಿಬಿಡುತ್ತಿದ್ದರು. ತೆಗೆಯಬೇಕಾದರೆ ಬಗ್ಗಬೇಕಲ್ಲ, ಹಾಗಾಗಿ ಯಾರೂ ತೆಗೆಯುತ್ತಿರಲಿಲ್ಲ. ಹೊರಗೆ ಥಳುಕು, ಒಳಗೆ ಹುಳುಕು ಎನ್ನುತ್ತಾರಲ್ಲ, ಹಾಗೆ.

ರಾಜನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಹಂಸಿನಿ, ಮಾತು ಮೆಲ್ಲಗೆ, ನಡೆ ಮೆಲ್ಲಗೆ. ಚಿಕ್ಕವಳು ಕಿನ್ನರಿ, ಹನ್ನೆರಡು ವರ್ಷದವಳು. ಅವಳು ನಕ್ಕರೆ ಕುದುರೆ ಕೆನೆದ ಹಾಗೆ ಕೇಳಿಸುತ್ತಿತ್ತು, ಲಾಯದ ಕುದುರೆಗಳು ತಿರುಗಿ ಕೆನೆಯುತ್ತಿದ್ದವು.

ಒಂದು ದಿನ ಹಂಸಿನಿಯನ್ನು ನೋಡಲು ನೆರೆರಾಜ್ಯದಿಂದ ಗಂಡಿನ ಕಡೆಯವರು ಬಂದರು. ಬೆಳಗ್ಗೆಯಿಂದ ತಳ್ಳುವುದೇ ತಳ್ಳುವುದು. ಕೊನೆಗೆ ರಾಜ ಚಿಕ್ಕ ಮಗಳನ್ನು ಕರೆದ.

"ಕಿನ್ನರಿ, ನಿನ್ನ ನಗು ಕೇಳಿದರೆ ನೆಂಟರು ಏನೆಂದಾರು? ಸ್ವಲ್ಪ ಹೊತ್ತು ಮೆಟ್ಟಿಲ ಕೆಳಗೆ ಕೂತಿರಮ್ಮ. ಅವರ ಊಟವಾದ ಕೂಡಲೇ ಕರೆಯುತ್ತೇನೆ."

ಹುಡುಗಿ ಅಪ್ಪನ ಮುಖ ನೋಡಿದಳು. ನಗು ಬರಲಿಲ್ಲ. ಒಳಗೆ ಹೋದಳು.

ನೆಂಟರ ಊಟವಾಯಿತು, ಎಲೆಯಡಿಕೆಯಾಯಿತು, ಅವರು ಮಹಡಿಗೆ ಹೋಗಿ ಮಲಗಿದರು. ರಾಜ ಬಂದು ಮೆಟ್ಟಿಲ ಬಳಿ ನೆಟ್ಟಗೆ ನಿಂತು, "ಬಾರಮ್ಮ" ಎಂದ. ಕಿನ್ನರಿ ಬರಲಿಲ್ಲ. ಮಂತ್ರಿ ಲಿಂಗರಸ ಗಳದಿಂದ ಕೆದಕಿದ. ಒಳಗಿನಿಂದ ಏನೋ ಗಳವನ್ನು ಕಿತ್ತುಕೊಂಡು ಕಟಕಟನೆ ಮುರಿದು ಹೊರಗೆ ಎಸೆಯಿತು! ಮಂತ್ರಿ ಹತ್ತು ಹೆಜ್ಜೆ ಹಿಂದೆ ಸರಿದ. ಹಿಂದೆ ಸರಿಯುವಾಗಲೂ ನೆಟ್ಟಗೇ ಇದ್ದ, ಅದೊಂದನ್ನು ಮೆಚ್ಚಬೇಕು.

"ಬಗ್ಗಿ ನೋಡುವವರು ಯಾರಾದರೂ ಇದ್ದಾರೆಯೇ?" ಎಂದು ರಾಜ ಕೇಳಿದ.

ಬಗ್ಗಿ ಬದುಕುವವರು ಬಡಗಿಗಳು. ಬಡಗಿ ಮೌನಪ್ಪನಿಗೆ ಕರೆ ಹೋಯಿತು. ಅವನಿಗೆ ಸೊಂಟ ಹಿಡಿದು ಎಂಟು ದಿನವಾಗಿತ್ತು. ಅವನ ಮಗಳು ದ್ಯಾಮಿ ಉಳಿ, ಬಾಚಿ, ಗರಗಸದ ಚೀಲ ಹೆಗಲಿಗೇರಿಸಿದಳು. ಅವಳಿಗೆ ಹದಿನೆಂಟು ವರ್ಷ. ಕಿನ್ನರಿಗೆ ಮರದ ಬಂಡಿ ಮಾಡಿಕೊಟ್ಟವಳು ಅವಳೇ, ಕಿನ್ನರಿಯ ನಗುವಿಗೆ ಜೊತೆಯಾಗಿ ನಗುತ್ತಿದ್ದವಳೂ ಅವಳೇ.

ಹೊರಡುವಾಗ ಮೌನಪ್ಪ ಹೇಳಿದ: "ಮಗಳ, ಇಕ್ಕಟ್ಟಿನ ಕೆಲಸಕ್ಕ ಹೊಂಟೀದಿ. ಕೈ ಹೋಗದ ಕಡೆಗೆ ಕೈ ಚಾಚಬ್ಯಾಡ. ಆ ಜಾಗಾನ ಕೈಗೆ ಬರೂ ಹಂಗ ಮಾಡು. ಮತ್ತ ನೆನಪಿಡು, ಆ ಮೆಟ್ಟಿಲ ಕಟ್ಟಿದಾಂವ ನನ್ನ ಮುತ್ತ್ಯಾ. ಇಪ್ಪತ್ತೊಂದು ಮೆಟ್ಟಿಲ. ಒಂದೂ ಕಿರುಗುಟ್ಟೂದಿಲ್ಲ."

ದ್ಯಾಮಿ ಅರಮನೆಗೆ ಬಂದಾಗ ಹೊತ್ತು ಇಳಿಯತೊಡಗಿತ್ತು. ಸೇವಕನೊಬ್ಬ ಮೆಟ್ಟಿಲು ಇಳಿಯುತ್ತಿದ್ದ. ಕಿರ್ರ್ ಎಂದಿತು. ದ್ಯಾಮಿ ನಿಂತಳು. ಮೆಟ್ಟಿಲು ಎಣಿಸಿದಳು. ಮತ್ತೆ ಎಣಿಸಿದಳು. ಮೂರನೆಯ ಸಲ ಒಂದೊಂದನ್ನೂ ಮುಟ್ಟಿ ಎಣಿಸಿದಳು.

"ಮಹಾರಾಜರ, ಇವು ಇಪ್ಪತ್ತೆಂಟು ಅದಾವು! ಏಳು ಮೆಟ್ಟಿಲ ಎಲ್ಲಿಂದ ಬಂದುವು?"

ದಿನಾ ಹತ್ತಿ ಇಳಿಯುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಎಣಿಸಿರಲಿಲ್ಲ.

ದ್ಯಾಮಿ ಹಣತೆ ಹಚ್ಚಿಕೊಂಡು ಬಗ್ಗಿ ಒಳಗೆ ಹೋದಳು. ದೀಪ ಮೇಲೆತ್ತಿ ಮೆಟ್ಟಿಲಿನ ಅಡಿ ನೋಡಿದಳು. ನನಗೆ ಹೇಳುವಾಗಲೇ ಮೈ ಜುಂ ಎನ್ನುತ್ತದೆ, ನೋಡಿದವಳ ಗತಿ ಏನು? ಏಳು ಮೆಟ್ಟಿಲಿನ ಅಡಿಯಲ್ಲಿ ಏಳು ಮುಖಗಳಿದ್ದವು. ಮರದ ಮುಖಗಳು, ಆದರೆ ಕಣ್ಣು ಪಿಳುಕಿಸುತ್ತಿದ್ದವು. ಹಣತೆ ಅವಳ ಕೈಯಿಂದ ಜಾರಿತು.

"ಹೆದರಬೇಡ ಮಗಳೇ" ಎಂದಿತು ಒಂದು ಮುದಿ ಮುಖ. "ನಾನು ಈ ಮನೆಯ ದಾದಿ. ಮುಖದ ಮೇಲೆ ಸಿಡುಬಿನ ಕಲೆ ಇತ್ತೆಂದು ಯಾವುದೋ ಹಬ್ಬದ ದಿನ ನನ್ನನ್ನು ಇಲ್ಲಿ ಕೂರಿಸಿದರು. ಸ್ವಲ್ಪ ಹೊತ್ತು ಅಂದರು. ಮರೆತರು. ಇದು ಮೂಲೆದೊರೆ ಎಂಬ ಮಾಂತ್ರಿಕನ ರಾಜ್ಯ. ತಳ್ಳಿದವರು ಬಗ್ಗಿ ಹೆಸರು ಹಿಡಿದು ಕರೆಯದೆ ಹೊತ್ತು ಮುಳುಗಿದರೆ, ಒಳಗಿದ್ದದ್ದು ಅವನದು. ಸಾಮಾನಾದರೆ ಮೃಗವಾಗುತ್ತದೆ, ಮನುಷ್ಯರಾದರೆ ಮೆಟ್ಟಿಲಾಗುತ್ತಾರೆ. ನಾವು ಅಳುತ್ತೇವೆ, ಮೇಲಿನವರು ಮೆಟ್ಟಿಲು ಕಿರುಗುಟ್ಟಿತು ಅನ್ನುತ್ತಾರೆ. ಕಿನ್ನರಿ ಕೊನೆಯ ಮೂಲೆಯಲ್ಲಿದ್ದಾಳೆ. ಹೊತ್ತು ಮುಳುಗಿದರೆ ಅವಳು ಇಪ್ಪತ್ತೊಂಬತ್ತನೆಯವಳು!"

ಉಳಿದ ಮುಖಗಳೂ ತಮ್ಮ ತಮ್ಮ ಹೆಸರು, ಕಥೆ ಹೇಳಿಕೊಂಡವು. ದ್ಯಾಮಿಯ ಕಣ್ಣಲ್ಲಿ ನೀರು ಬಂತು. ಅಳುವುದಕ್ಕೆ ಪುರುಸೊತ್ತು ಇರಲಿಲ್ಲ. ಹಣತೆ ಮತ್ತೆ ಹಚ್ಚಿಕೊಂಡು ಮುಂದೆ ಹೋದಳು.

ನಿಲ್ಲುವಷ್ಟು ಎತ್ತರದ ಜಾಗದಲ್ಲಿ ಒಂದು ಆನೆ ನಿಂತಿತ್ತು. ಅದರ ಮೈ ಹರಿದ ಜಮಖಾನೆ, ಕಾಲು ಸುತ್ತಿಟ್ಟ ಡೇರೆ, ದಂತ ಎರಡು ಮೊಂಡು ಈಟಿ, ಕಿವಿ ಮುರಿದ ಕೊಡೆ. ಅದು ಘೀಳಿಟ್ಟಿತು: "ನನ್ನನ್ನು ತಳ್ಳಿದರು! ನನ್ನ ಜಾಗ ಯಾವುದು? ಹೇಳದಿದ್ದರೆ ತುಳಿಯುತ್ತೇನೆ!"

"ಹೇಳತೀನಿ, ಒಂದಿಷ್ಟು ತಾಳು" ಎಂದಳು ದ್ಯಾಮಿ. ಮುರಿದ ಮಂಚವೊಂದು ಅಲ್ಲೇ ಬಿದ್ದಿತ್ತು. ಅಳೆದಳು, ಕೊಯ್ದಳು, ಜಡಿದಳು. ಎತ್ತರದ ಗೋಡೆಗೆ ಉದ್ದುದ್ದ ಗೂಡು ಮಾಡಿದಳು. "ಈಟಿ ನಿಂತು ಇರಬೇಕು. ಕೊಡೆ ತೂಗಿ ಇರಬೇಕು. ಜಮಖಾನಿ ಸುತ್ತಿ ನಿಲ್ಲಬೇಕು. ಇಲ್ಲಿ ಬರ್ರಿ."

ಆನೆ ಉಸ್ಸೆಂದಿತು. ಈಟಿ ಈಟಿಯ ಗೂಡಿಗೆ, ಕೊಡೆ ಕೊಡೆಯ ಗೂಟಕ್ಕೆ, ಜಮಖಾನೆ ತನ್ನ ಮೂಲೆಗೆ ಹೋದವು. ಆನೆ ಇರಲೇ ಇಲ್ಲ.

ಕೂರುವಷ್ಟು ಎತ್ತರದ ಜಾಗದಲ್ಲಿ ಒಂದು ಕರಡಿ ಕೂತಿತ್ತು. ಹಂಡೆ ಅದರ ಹೊಟ್ಟೆ, ಕೊಪ್ಪರಿಗೆ ಅದರ ತಲೆ, ಮೈತುಂಬ ಕೂದಲಿನ ಬದಲು ಸೌಟು. ಅದು ಢಣಢಣ ಎಂದು ಎದೆ ಬಡಿದುಕೊಂಡಿತು: "ನನ್ನನ್ನು ತಳ್ಳಿದರು! ನನ್ನ ಜಾಗ ಯಾವುದು? ಹೇಳದಿದ್ದರೆ ಜಜ್ಜುತ್ತೇನೆ!"

"ಹೇಳತೀನಿ, ಒಂದಿಷ್ಟು ತಾಳು." ಹಳೇ ಬಾಗಿಲೊಂದನ್ನು ಎಳೆದುಕೊಂಡಳು. ಅಳೆದಳು, ಕೊಯ್ದಳು, ಜಡಿದಳು. ಮೆಟ್ಟಿಲಿನ ಇಳಿಜಾರಿಗೆ ಸರಿಯಾಗಿ ಹಲಗೆಗಳನ್ನು ಕೂರಿಸಿದಳು. ಎತ್ತರದ ಕಡೆ ಹಂಡೆ, ಅದರ ಪಕ್ಕ ಕೊಡ, ಅದರ ಪಕ್ಕ ಚೆಂಬು, ತೀರ ತಗ್ಗಿನಲ್ಲಿ ಬಟ್ಟಲು. ಕರಡಿಯ ಹೊಟ್ಟೆ ಹೋಗಿ ಹಲಗೆಯ ಮೇಲೆ ಕೂತಿತು, ತಲೆ ಹೋಗಿ ಪಕ್ಕದಲ್ಲಿ ಕೂತಿತು. ಕರಡಿಯೂ ಇರಲಿಲ್ಲ.

ಆದರೆ ಕೊನೆಯ ಮೂಲೆ ಉಳಿದಿತ್ತು, ಹೊರಗೆ ಬಿಸಿಲು ಕೆಂಪಗಾಗಿತ್ತು.

ದ್ಯಾಮಿ ಹೊಟ್ಟೆಯ ಮೇಲೆ ಮಲಗಿ ಇಣುಕಿದಳು. ಆಳದಲ್ಲಿ ಕಿನ್ನರಿ ಅಂಗಾತ ಬಿದ್ದಿದ್ದಳು. ಸೊಂಟದವರೆಗೆ ಮರವಾಗಿದ್ದಳು! ಅವಳ ಜಡೆ ಹಿಡಿದು ಮೂಲೆದೊರೆ ಕೂತಿದ್ದ. ಗೋಡೆಯ ಮೇಲೆ ಅವನ ನೆರಳು ಬೆಟ್ಟದಷ್ಟಿತ್ತು.

"ಕೈ ಚಾಚು ಬಡಗಿ" ಎಂದು ಅವನು ನಕ್ಕ. "ನಿನ್ನ ಕೈ ಇಲ್ಲಿಗೆ ಬರುವುದಿಲ್ಲ. ಯಾರ ಕೈಯೂ ಬರದ ಜಾಗವೆಲ್ಲ ನನ್ನದು."

ದ್ಯಾಮಿ ಕೈ ಚಾಚಲು ಹೋದವಳು ಅಪ್ಪನ ಮಾತು ನೆನೆದು ಹಿಂತೆಗೆದಳು. ಸುತ್ತ ಹುಡುಕಿದಳು. ಅವಳೇ ಮಾಡಿಕೊಟ್ಟಿದ್ದ ಮರದ ಬಂಡಿ, ಯಾವುದೋ ನೆಂಟರ ಕಾಲಕ್ಕೆ ತಳ್ಳಿದ್ದು, ಅಲ್ಲಿ ಬಿದ್ದಿತ್ತು. ಅದರ ನಾಲ್ಕು ಗಾಲಿ ಕಿತ್ತಳು. ಅಳೆದಳು, ಕೊಯ್ದಳು, ಜಡಿದಳು. ಮುಚ್ಚಳವಿಲ್ಲದ, ತಗ್ಗು ಅಂಚಿನ ಪೆಟ್ಟಿಗೆ ಮಾಡಿ, ಅಡಿಗೆ ಗಾಲಿ, ಮುಂದೆ ಹಗ್ಗ ಕಟ್ಟಿದಳು. ಮೂಲೆಗೆ ಕೈ ಹೋಗದಿದ್ದರೇನು, ಮೂಲೆಯೇ ಉರುಳಿಕೊಂಡು ಕೈಗೆ ಬರಲಿ! ಪೆಟ್ಟಿಗೆಯನ್ನು ತಳ್ಳಿದಳು. ಅದು ಸರ್ರನೆ ಹೋಗಿ ಕಿನ್ನರಿಯ ಪಕ್ಕ ನಿಂತಿತು.

"ಉರುಳಿ ಇದರಾಗ ಬೀಳು, ಕಿನ್ನರಿ!"

"ಆಗ್ತಿಲ್ಲ ದ್ಯಾಮಕ್ಕ, ಕಾಲು ಮರವಾಗಿದೆ. ಅಪ್ಪನನ್ನು ಕರೆ."

ದ್ಯಾಮಿ ಹಗ್ಗದ ತುದಿ ಹಿಡಿದುಕೊಂಡೇ ಹೊರಗೆ ಓಡಿಬಂದು ನಡೆದದ್ದನ್ನೆಲ್ಲ ಹೇಳಿದಳು. ಸಭೆಗೆ ಸಭೆಯೇ ಮೂಗಿನ ಮೇಲೆ ಬೆರಳಿಟ್ಟಿತು. ಮೆಟ್ಟಿಲೊಂದರ ಮೇಲೆ ನಿಂತಿದ್ದ ರಾಜನ ಮುಖ ಬಿಳಿಚಿತು, ಆದರೂ ಬೆನ್ನು ಬಗ್ಗಲಿಲ್ಲ.

"ನಮ್ಮ ಅಜ್ಜ ಬಗ್ಗಲಿಲ್ಲ, ನಮ್ಮ ಅಪ್ಪ ಬಗ್ಗಲಿಲ್ಲ. ಮೇಲೆ ನೆಂಟರಿದ್ದಾರೆ. ಬೇರೆ ದಾರಿ ಇಲ್ಲವೇ?"

ದ್ಯಾಮಿಗೆ ಸಿಟ್ಟು ನೆತ್ತಿಗೇರಿತು. "ಮಹಾರಾಜರ, ನೀವು ಈಗ ನಿಂತಿರೋದು ಯಾವ ಮೆಟ್ಟಿಲ ಮ್ಯಾಲೆ ಗೊತ್ತೇನ್ರಿ?" ಎಂದಳು. "ಅದರ ಹೆಸರು ವೀರಬಾಹು ಅಂತ. ಒಳಗ ನನಗ ಹೇಳಿತು. ಎಡಗಾಲು ಸೊಟ್ಟ ಐತಿ."

"ವೀರಬಾಹು ನನ್ನ ಅಣ್ಣ!" ಎಂದು ರಾಜ ಬೆಚ್ಚಿದ. "ನನ್ನ ಪಟ್ಟಾಭಿಷೇಕದ ದಿನ ಮುನಿಸಿಕೊಂಡು ಕಾಶಿಗೆ ಹೋದ."

"ಕಾಶಿಗೆ ಹೋಗಿಲ್ಲರಿ. 'ಕುಂಟಣ್ಣ ಕಣ್ಣಿಗೆ ಬೀಳೋದು ಬ್ಯಾಡ, ಸ್ವಲ್ಪ ಹೊತ್ತು ಒಳಗಿರು' ಅಂದಾವರು ನೀವ ಅಂತ. ಸಣ್ಣಂದಿನಾಗ ನೀವು ಅಪ್ಪನ ಕನ್ನಡಿ ಒಡೆದಾಗ, ನಾ ಒಡೆದೆ ಅಂತ ಹೇಳಿ ಬೆತ್ತದ ಏಟು ತಿಂದಾಂವ ಅಂವ. ಮೂವತ್ತು ವರ್ಷದಿಂದ ನಿಮ್ಮ ಕಾಲ ಕೆಳಗ ಅದಾನ."

ಆ ಕನ್ನಡಿಯ ವಿಷಯ ಅಣ್ಣತಮ್ಮಂದಿರಿಬ್ಬರನ್ನು ಬಿಟ್ಟು ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ರಾಜ ಆ ಮೆಟ್ಟಿಲಿನಿಂದ ನೆಗೆದು ಇಳಿದ, ಬೆಂಕಿಯ ಮೇಲಿಂದ ಇಳಿದ ಹಾಗೆ.

ಬಿಸಿಲು ಕೆಳಗಿನ ಮೆಟ್ಟಿಲಿನ ಅಂಚಿನಲ್ಲಿ ಒಂದು ಬೆರಳಿನಷ್ಟು ಉಳಿದಿತ್ತು. ಉನ್ನತಸೇನ ಮಹಾರಾಜ ಬಗ್ಗಿದ. ಬರಿದೆ ಬಗ್ಗಿದ್ದಲ್ಲ, ಮಂಡಿಯೂರಿದ, ಅಂಗೈ ಊರಿದ, ಗಲ್ಲ ನೆಲಕ್ಕೆ ತಾಗಿಸಿದ. ಮಂತ್ರಿ ಲಿಂಗರಸ ಕಣ್ಣು ಮುಚ್ಚಿಕೊಂಡ. ಕಿರೀಟ ಕಳಚಿ ಠಣ್ ಠಣ್ ಎಂದು ಉರುಳುತ್ತ ಮೂಲೆಯ ಕಡೆಗೆ ಹೋಯಿತು.

"ಕಿನ್ನರೀ! ತಪ್ಪಾಯಿತು ಮಗಳೇ! ಹೊರಗೆ ಬಾರೇ ನನ್ನವ್ವ!"

ಆ ಕರೆಗೆ ಕಿನ್ನರಿಯ ಕಾಲು ಕಾಲಾಯಿತು. ಅವಳು ಉರುಳಿ ಪೆಟ್ಟಿಗೆಯೊಳಗೆ ಬಿದ್ದಳು. ಮೂಲೆದೊರೆ ಜಡೆ ಬಿಟ್ಟು ಕಿರೀಟಕ್ಕೆ ಬಾಯಿ ಬಿಟ್ಟ. ಅದೂ ಉರುಳಿ ಬಂದು ಪೆಟ್ಟಿಗೆಯಲ್ಲೇ ಬಿದ್ದಿತ್ತು. ಅದನ್ನು ಹಿಡಿಯಲು ಅವನೂ ಹಾರಿದ. ದ್ಯಾಮಿ ಹಗ್ಗ ಎಳೆದಳು. ಗಡಗಡ ಗಡಗಡ ಎಂದು ಪೆಟ್ಟಿಗೆ ಬೆಳಕಿಗೆ ಬಂತು.

ಎಲ್ಲರೂ ಕತ್ತು ಚಾಚಿ ನೋಡಿದರು. ಪೆಟ್ಟಿಗೆಯಲ್ಲಿ ರಾಜಕುಮಾರಿ ಇದ್ದಳು. ಅವಳ ಕಾಲ ಬಳಿ ಕಿರೀಟಕ್ಕೆ ಜೋತುಬಿದ್ದುಕೊಂಡು, ಜಿರಳೆಗಿಂತ ಒಂದು ಕೂದಲಷ್ಟು ದೊಡ್ಡದಾದ ಮಾಂತ್ರಿಕನಿದ್ದ. ಗಡ್ಡವೂ ಇತ್ತು.

"ಇವನೇನಾ? ಇಷ್ಟೇನಾ?" ಎಂದ ರಾಜ.

ಕಿನ್ನರಿಗೆ ತಡೆಯಲಾಗಲಿಲ್ಲ, ನಕ್ಕುಬಿಟ್ಟಳು. ಇಡೀ ದಿನ ಅದುಮಿಟ್ಟಿದ್ದ ನಗು! ಕಂಬಗಳು ನಡುಗಿದವು, ಲಾಯದ ಕುದುರೆಗಳೆಲ್ಲ ಕೆನೆದವು, ಮೂಲೆದೊರೆ ಟಪ್ಪೆಂದು ಒಡೆದು ಒಂದು ಚಿಟಿಕೆ ಧೂಳಾದ. ಅದೇ ಗಳಿಗೆಗೆ ಏಳು ಮೆಟ್ಟಿಲುಗಳು ಮೆಲ್ಲಗೆ ಕಳಚಿಕೊಂಡು ಏಳು ಮನುಷ್ಯರಾಗಿ ಎದ್ದು ನಿಂತವು. ಕೊನೆಗೆ ಎದ್ದವನು ಎಡಗಾಲು ಎಳೆಯುತ್ತ ಬಂದ.

"ತಮ್ಮಾ, ತುಂಬ ದಪ್ಪ ಆಗಿದ್ದೀಯ ಕಣೋ" ಎಂದ ವೀರಬಾಹು. "ದಿನಾ ಗೊತ್ತಾಗುತ್ತಿತ್ತು."

ರಾಜ ಅಣ್ಣನ ಸೊಟ್ಟ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತ. ಬಗ್ಗಿಯೇ ಅತ್ತ.

ಗದ್ದಲಕ್ಕೆ ನೆಂಟರು ಎದ್ದು ಬಂದಿದ್ದರು. ಮದುವೆ ಮುರಿದುಬಿತ್ತೆಂದು ಎಲ್ಲರೂ ಅಂದುಕೊಂಡರು. ಆದರೆ ಗಂಡಿನ ತಾಯಿ ಮೆಟ್ಟಿಲನ್ನು ಮೆಲ್ಲಗೆ ಮುಟ್ಟಿ ನೋಡುತ್ತ ಕೆಳಗೆ ಇಳಿದಳು.

"ಬೀಗರೇ, ಮದುವೆಯ ಮಾತು ನಾಳೆ ಆಡೋಣ" ಎಂದಳು. "ಈ ಬಡಗಿ ಹುಡುಗಿಯನ್ನು ಈಗಲೇ ನಮ್ಮ ಜೊತೆ ಕಳಿಸಿಕೊಡಿ. ನಮ್ಮ ಮನೆಯಲ್ಲೂ ಮೆಟ್ಟಿಲಿದೆ. ನಮ್ಮ ಮಾವನವರು ಕಾಶಿಗೆ ಹೋಗಿ ಹನ್ನೆರಡು ವರ್ಷವಾಯಿತು... ಮೆಟ್ಟಿಲು ಕಿರುಗುಟ್ಟುತ್ತದೆ."

ದ್ಯಾಮಿ ಚೀಲ ಹೆಗಲಿಗೇರಿಸಿದಳು. ಅವರ ಮನೆಯ ಮೆಟ್ಟಿಲಿನಿಂದ ಆ ಮಾವನವರೂ ಹೊರಗೆ ಬಂದರು, ಮದುವೆಯಲ್ಲಿ ಮೊದಲ ಅಕ್ಷತೆ ಹಾಕಿದವರು ಅವರೇ. ತಿರುಗಿ ಬಂದ ಮೇಲೆ ದ್ಯಾಮಿ ಎತ್ತರಗಿರಿಯ ಆ ಜಾಗಕ್ಕೆ ಇನ್ನೂ ಎರಡು ಗಾಲಿಪೆಟ್ಟಿಗೆ ಮಾಡಿದಳು, ಮುಂದೊಂದು ಬಾಗಿಲು ಕೂರಿಸಿದಳು. ಬಾಗಿಲನ್ನು ಬೇಕೆಂತಲೇ ಗಿಡ್ಡ ಮಾಡಿದಳು. ಒಂದು ಕೊಡೆ ಬೇಕಾದರೂ ರಾಜ ಬಗ್ಗಲೇಬೇಕು. ಅಂದಿನಿಂದ ಅಲ್ಲಿ ನೆಂಟರು ಬಂದರೆ ಮೊದಲು ಕಿನ್ನರಿ ನಗುತ್ತಾಳೆ, ಆಮೇಲೆ ಎಲೆ ಹಾಕುತ್ತಾರೆ. ಅವರೆಲ್ಲ ಉಂಡುಟ್ಟು ಸುಖವಾಗಿದ್ದಾರೆ, ಇಪ್ಪತ್ತೊಂದು ಮೆಟ್ಟಿಲೂ ಸದ್ದಿಲ್ಲದೆ ಇವೆ. ನಿಮ್ಮ ಮನೆಯ ಮೆಟ್ಟಿಲು ಕಿರುಗುಟ್ಟಿದರೆ ಮಾತ್ರ ಎಣ್ಣೆ ಹಾಕುವ ಮೊದಲು ಒಮ್ಮೆ ಬಗ್ಗಿ ನೋಡಿ.