ಬಸ್ಸಮ್ಮನ ಓಣಿ ನಕ್ಷೆಯಲ್ಲಿಲ್ಲ

ದೂರುಗಳು ಸಾಮಾನ್ಯವಾಗಿ ಠಾಣೆಗೆ ನಡೆದುಕೊಂಡು ಬರುತ್ತವೆ. ಈ ದೂರಿಗೆ ನಡೆಯಲು ದಾರಿಯೇ ಇರಲಿಲ್ಲ. 2025ರ ಫೆಬ್ರವರಿ 18, ಮಂಗಳವಾರ ಬೆಳಗ್ಗೆ 10.40ಕ್ಕೆ ಅದು ಸುರಪುರ ತಾಲ್ಲೂಕಿನ ಹುಣಸಿನಾಳದಿಂದ ಫೋನಿನಲ್ಲಿ ಬಂತು. ಪಿಎಸ್‌ಐ ನಾಗರತ್ನಾ ತಾವೇ ಎತ್ತಿಕೊಂಡರು.

"ನಾ ಬಸ್ಸಮ್ಮರಿ, ಸಾಲಿ ಅಡಗಿಯಾಕಿ. ನಾಕ ದಿನಾತು, ನನ್ನ ಮನ್ಯಾಗ ನನ್ನೇ ಹೂತಾರ್ರಿ."

ಹೋಗಿ ನೋಡಿದರೆ ಹೇಳಿದ್ದು ನಿಜವೇ ಆಗಿತ್ತು. ಅಂಗಳದ ಮೂರು ಕಡೆ ಬೇರೆಯವರ ಮನೆಗಳ ಹಿಂಗೋಡೆ. ಓಣಿಯ ಬಾಯಿಗೆ ಏಳಡಿ ಎತ್ತರದ ಹೊಸ ಕಲ್ಲುಗೋಡೆ. ನಾಗರತ್ನಾ ಏಣಿ ಹತ್ತಿ ಇಣುಕಿದರು. ಬೇವಿನ ಮರದ ಕೆಳಗೆ ಮೊಣಕಾಲು ಹಿಡಿದುಕೊಂಡು ಕೂತಿದ್ದಳು ಬಸ್ಸಮ್ಮ, ಪಕ್ಕದಲ್ಲಿ ಬಿಳಿಕಿವಿಯ ಆಡು.

"ಎತ್ತಿಕೊಂಡು ಹೊರಗ ತರ್ತೇವಿ, ಬರ್ರಿ," ಎಂದ ಹೆಡ್ ಕಾನ್‌ಸ್ಟೆಬಲ್ ಯಂಕಣ್ಣ.

"ನಾ ಬಂದ್ರ ಓಣಿ ಹೋತು. ನನ್ನ ಮಗಳು ಪರಿಮಳಾ ಎರಡ ವರ್ಷದ ಹಿಂದ ಇದೇ ಓಣಿ ಹಿಡದು ಓಡಿಹೋಗ್ಯಾಳ. ವಾಪಸ್ ಬಂದ್ರ ಇದರಾಗೇ ಬರಬೇಕು."

ಗೋಡೆ ಕಟ್ಟಿಸಿದ್ದ ಪಕ್ಕದ ಮನೆಯ ವಿಶ್ವರಾಧ್ಯ ಒಂಚೂರೂ ಹೆದರಲಿಲ್ಲ. ಡ್ರೋನ್ ಸರ್ವೆಯ ನಕ್ಷೆಯನ್ನು ಮುಖಕ್ಕೆ ಹಿಡಿದ.

"ಓಣಿ ಎಲ್ಲ್ಯದ, ತೋರಸ್ರಿ."

ಇರಲಿಲ್ಲ. ಸರ್ಕಾರಿ ನಕ್ಷೆ ಹಾಗೆ ಹೇಳುತ್ತಿರುವವರೆಗೆ ಗೋಡೆ ಮುಟ್ಟುವಂತಿಲ್ಲ. ನಾಗರತ್ನಾ ಅವರಿಗೆ ಮೈ ಉರಿಯಿತು. ಸಂಜೆ 4.15ಕ್ಕೆ ಸುಳ್ಳು ದಾಖಲೆಯ ಬಗ್ಗೆ ಎಫ್‌ಐಆರ್ ದಾಖಲಿಸಿದರು.

ಮರುದಿನ ಯಾದಗಿರಿ. ನಕ್ಷೆ ತಯಾರಿಸಿದ ಗುತ್ತಿಗೆ ಕಚೇರಿಯ ಶಿವರಂಜನಿ ಕಂಪ್ಯೂಟರ್ ತಿರುಗಿಸಿ ತೋರಿಸಿದಳು. ಹೊಸ ತಂತ್ರಾಂಶ ಡ್ರೋನ್ ಚಿತ್ರ ನೋಡಿ ಮನೆ, ದಾರಿಗಳನ್ನು ತಾನೇ ಗೀಚುತ್ತದೆ. ಮರದ ನೆರಳಿದ್ದಲ್ಲಿ ಎಡವುತ್ತದೆ. ಅದಕ್ಕೇ ಸಿಬ್ಬಂದಿ ಸ್ಥಳಕ್ಕೆ ಹೋಗಬೇಕು; ಅವರ ಫೋನು ಜಾಗದ ಇಪ್ಪತ್ತು ಮೀಟರಿನೊಳಗೆ ಹೋಗಿರದಿದ್ದರೆ 'ಪರಿಶೀಲಿಸಿದೆ' ಎಂಬ ಗುಂಡಿ ತೆರೆಯುವುದೇ ಇಲ್ಲ.

"ಕಾಂತೇಶ ಅಂತ, ಅವನೇ ಹೋಗ್ಯಾನ್ರಿ. ಫೋನಿನ ಜಾಡು ನೋಡ್ರಿ, ಹೊತ್ತುಸಮೇತ ಅದ."

ಯಂಕಣ್ಣ ಪರದೆಯ ಕೆಂಪು ಗೆರೆಗೆ ಮೂಗು ತಾಗುವಷ್ಟು ಬಗ್ಗಿದ. ಆತ ಆಡು ಕಾಯ್ದು ಬೆಳೆದವನು.

"ಮೇಡಂ, ಜಾಲಿಗಿಡದ ಹಂತ್ಯಾಕ ಹನ್ನೆರಡ ಮಿನಿಟು ನಿಂತದ. ಎಲ್ಲಾ ಗ್ವಾಡಿಗೂ ಮೈ ತಿಕ್ಕ್ಯದ. ಸಂಜಿ ಆರಕ್ಕ ಒಳಗ ಹೋದದ್ದು ಮುಂಜಾನಿ ಏಳಕ್ಕ ಹೊರಗ ಬಂದದ. ಇದು ಮನಷ್ಯಾನ ನಡಗಿ ಅಲ್ರಿ. ಆಡು."

ಗೆರೆ ಈಗ ಗೋಡೆ ಇರುವ ಜಾಗವನ್ನು ನೇರವಾಗಿ ದಾಟಿ ಬಸ್ಸಮ್ಮನ ಅಂಗಳ ಸೇರಿತ್ತು.

ಫೆ. 20, ಸಂಜೆ 5.30. ಶಹಾಪುರದ ಬಾಡಿಗೆ ಕೋಣೆಯಲ್ಲಿ ಕಾಂತೇಶನ ಬಂಧನ.

"ಹುಣಸಿನಾಳಕ್ಕ ಯಾರು ಹೋಗಿದ್ರು?"

"ನನ್ನ ಫೋನುರಿ. ಆಡಿನ ಕೊರಳಿಗೆ ಕಟ್ಟಿದ್ದೆ."

"ನೀನು?"

"ಊರ ಹೊರಗ, ಹಳ್ಳದ ದಂಡಿಗೆ."

"ಓಣಿ ಅದ ಅಂತ ಗೊತ್ತಿದ್ದಿಲ್ಲೇನು?"

"ಗೊತ್ತಿತ್ರಿ. ಓಣಿ ಕೈಲೆ ಸೇರಿಸಿದ್ರ ಕಂಪ್ಯೂಟರ್ ಜಾಗದ ಫೋಟೋ ಕೇಳ್ತದ. ಒಳಗ ಹೋದ್ರ ಭೀಮರಾಯ ಕಾಲ ಮುರಿತಾನ. ಅವನ ತಂಗಿ ಪರಿಮಳಾನ್ನ ಮದವಿಯಾದಾಂವ ನಾನೇರಿ."

ನಾಗರತ್ನಾ ಪೆನ್ನು ಕೆಳಗಿಟ್ಟರು. ಅತ್ತೆಯನ್ನೇ ಹೂತ ಅಳಿಯ!

"ನಾಳೆ ಪಂಚನಾಮೆ. ನೀನೇ ಬಂದು ಜಾಗ ತೋರಿಸಬೇಕು."

"ಜೈಲಿಗೆ ಹಾಕ್ರಿ ಮೇಡಂ. ಅಲ್ಲಿಗೆ ಬ್ಯಾಡ್ರಿ."

ಶುಕ್ರವಾರ ಬೆಳಗ್ಗೆ 8.20ಕ್ಕೆ, ಪಂಚರ ಎದುರು, ಗೋಡೆಯ ಹೊರಗೇ ನಿಂತು ಆತ ಓಣಿಯನ್ನು ಹೇಳಿದ. ಅಗಲ ಒಂಬತ್ತಡಿ, ಉದ್ದ ನಲವತ್ತೆರಡು ಹೆಜ್ಜೆ, ತಿರುವಿನಲ್ಲಿ ಒಡೆದ ಒರಳು. ಯಂಕಣ್ಣ ಗೋಡೆ ಹಾರಿ ಟೇಪು ಹಿಡಿದ. ಎಲ್ಲವೂ ಸರಿಯಾಗಿತ್ತು. ಆಡಿನ ಜಾಡನ್ನೂ ಹೇಳಿಕೆಯನ್ನೂ ನೋಡಿದ ತಹಶೀಲ್ದಾರರು ಗೋಡೆ ತೆರವಿಗೆ ಸಹಿ ಹಾಕಿದರು.

ಕಲ್ಲುಗಳು ಎದೆಮಟ್ಟ ಇಳಿದಾಗ ಬಸ್ಸಮ್ಮನ ಮುಖ ಕಂಡಿತು. ಕಾಂತೇಶ ಗಾಬರಿಯಿಂದ ಅತ್ತಿತ್ತ ಕಣ್ಣಾಡಿಸಿದ.

"ಯಾರ್ನ ಹುಡಕ್ತಿಯೋ? ಭೀಮರಾಯ ಸೈದಾಪುರ ಕಡೆ ಒಂದ ಕಂಪನಿ ಕೆಲಸಕ್ಕ ಹೋಗಿ ವರ್ಷಾತು. ಮನ್ಯಾಗ ನಾ ಒಬ್ಬಾಕಿನೇ ಇದ್ದೆ. ಒಳಗ ಬಂದಿದ್ರ ಫೋಟೋನೂ ಆಗ್ತಿತ್ತು, ಚಹಾನೂ ಆಗ್ತಿತ್ತು."

ಕಾಂತೇಶ ಬೇಡಿ ತೊಟ್ಟ ಕೈಗಳಲ್ಲಿ ಮುಖ ಮುಚ್ಚಿಕೊಂಡ. ಕೃತ್ಯದ ಕಾರಣ ಎಂಬಲ್ಲಿ ನಾಗರತ್ನಾ 'ಭಯ' ಎಂದಷ್ಟೇ ಬರೆದರು.

"ಪರಿಮಳಾ ಎಲ್ಲ್ಯದಾಳ?" ಬಸ್ಸಮ್ಮ ಕೇಳಿದಳು.

"ಶಹಾಪುರದಾಗ್ರಿ. ಏಳ ತಿಂಗಳ ಬಸುರಿ."

ಉಳಿದ ಕಲ್ಲು ತೆಗೆಯುವವರೆಗೂ ಬಸ್ಸಮ್ಮ ಕಾಯಲಿಲ್ಲ. ಯಂಕಣ್ಣನ ಭುಜ ಹಿಡಿದು ಗೋಡೆ ದಾಟಿದಳು, ಕುಂಟುತ್ತ ಬಂದು ಜೀಪಿನ ಮುಂದಿನ ಸೀಟಿನಲ್ಲಿ ಕೂತಳು.

"ನಡೀರಿ," ಎಂದಳು.