ಶ್ರೀಕಂಠನ ಫೋಟೊಗೆ ಹಾರ

2018ರ ಫೆಬ್ರವರಿ, ಶುಕ್ರವಾರ ಸಂಜೆ. ವಾಯವ್ಯ ಟೊರೊಂಟೊದ ಠಾಣೆಗೆ ಬಂದ ಶಾರದಮ್ಮ, ಗಂಡನ ಫೋಟೊ ಕಳುವಾಗಿದೆ ಎಂದು ದೂರು ಕೊಟ್ಟರು. ಮೈಸೂರಿನವನಾದ ಡಿಟೆಕ್ಟಿವ್ ಚಂದ್ರಮೋಹನ ಕನ್ನಡದಲ್ಲೇ ವಿಚಾರಿಸಿದ. ಊರಲ್ಲಾಗಿದ್ದರೆ ಒಂದು ಫೋಟೊಗಾಗಿ ಎಫ್‌ಐಆರ್ ಬರೆಯಿರಿ ಎಂದವರನ್ನು ಗೇಟಿನಲ್ಲೇ ಅಟ್ಟುತ್ತಿದ್ದರು.

"ಎಲ್ಲಿತ್ತಮ್ಮ ಫೋಟೊ?"

"ನಮ್ ಬಿಲ್ಡಿಂಗ್ ಬೇಸ್‌ಮೆಂಟಲ್ಲಿ ಸಾರ್, ಮೀಟಿಂಗ್ ಹಾಲಿನ ಗೋಡೆ ಮೇಲೆ. ನಮ್ಮನೆಯವ್ರದು ಇರೋದು ಅದೊಂದೇ."

ಆ ಗೋಡೆ ಚಿಲಿಯ ಹೆಂಗಸರದ್ದು. ಮಿಲಿಟರಿ ಸರ್ಕಾರ ಎಳೆದೊಯ್ದ ತಮ್ಮವರ ಫೋಟೊಗಳನ್ನು ಅಲ್ಲಿ ತೂಗುಹಾಕಿ, ಅದರ ಕೆಳಗೇ ಕೂತು ಬಾಡಿಗೆ ಏರಿಕೆಯ ವಿರುದ್ಧ ಸಂಘ ಕಟ್ಟಿದ್ದರು. ಅವರ ಜೊತೆ ಆಫೀಸು ಗುಡಿಸುವ ಶಾರದಮ್ಮ ತನ್ನ ಗಂಡ ಶ್ರೀಕಂಠನನ್ನೂ ಅಲ್ಲಿ ಸೇರಿಸಿದ್ದರು. ಆತ ಬೆಂಗಳೂರಿನ ಮಿಲ್ ಯೂನಿಯನ್ನಿನವ. ತುರ್ತುಪರಿಸ್ಥಿತಿಯಲ್ಲಿ ಪೊಲೀಸರು ಕರೆದೊಯ್ದ ಮೇಲೆ ಮರಳಲಿಲ್ಲ, ಹೆಣವೂ ಸಿಗಲಿಲ್ಲ. ಹಾಗಾಗಿ ಶಾರದಮ್ಮ ಕುಂಕುಮ ಅಳಿಸಿರಲಿಲ್ಲ, ಫೋಟೊಗೆ ಹಾರ ಹಾಕಿರಲಿಲ್ಲ.

ಚಂದ್ರಮೋಹನನ ಜೊತೆ ಹೋದ ಕಾನ್‌ಸ್ಟೆಬಲ್ ಮೇಧಾ ಸ್ಥಳದ ಪಂಚನಾಮೆ ಮಾಡಿದಳು. ಮಧ್ಯಾಹ್ನ ಒರೆಸಿದ್ದ ನೆಲ. ಬಾಗಿಲವರೆಗೆ ಬೂಟಿನ ಕೆಸರು, ಅಲ್ಲಿಂದ ಗೋಡೆವರೆಗೆ ಬರೀ ಸಾಕ್ಸಿನ ಗುರುತು. ಪಕ್ಕದಲ್ಲಿ ನಾಲ್ಕು ಕಾಲಿನ ಊರುಗೋಲಿನ ಗುಂಡು ಗುರುತುಗಳು.

"ಸೀರಿಯಸ್ಲಿ? ಕದಿಯೋಕೆ ಬಂದವ್ರು ಬೂಟ್ಸ್ ಬಿಚ್ತಾರಾ?"

"ಬೇರೆಯವರು ಬಿಚ್ಚಲ್ಲ. ಇದು ನಮ್ಮವನೇ ಮೇಧಾ. ಉಳಿದ ಫೋಟೊಗಳ ಮುಂದೆ ಹೂವಿಟ್ಟಿದ್ದಾರೆ ನೋಡು, ದೇವರಮನೆ ಥರ."

ಕದಿಯಲು ಬಂದವನಿಗೂ ಮಡಿ! ಶಾರದಮ್ಮನನ್ನು ಕೇಳಿದರೆ ಊರುಗೋಲು ಯಾರದೆಂದು ತಕ್ಷಣ ತಿಳಿಯಿತು. ಹಿಂದಿನ ವಾರ ಕನ್ನಡ ಸಂಘದವರು ಗೋಡೆ ತೋರಿಸಲು ಕರೆತಂದಿದ್ದ ವೀರಭದ್ರಪ್ಪನದು. ಬೆಂಗಳೂರಿನ ನಿವೃತ್ತ ಪೊಲೀಸ್ ಅಧಿಕಾರಿ, ಬಾಡಿಗೆದಾರರ ಜೊತೆ ಸೇರಿ ಅವರು ಭಾನುವಾರ ನಡೆಸಲಿದ್ದ ಗೋಡೆಯ ಉದ್ಘಾಟನೆಗೆ ಮುಖ್ಯ ಅತಿಥಿ. ತುರ್ತುಪರಿಸ್ಥಿತಿಯಲ್ಲಿ ಈತ ಏನು ಮಾಡುತ್ತಿದ್ದ ಎಂದು ಕನ್ನಡ ಸಂಘದ ಒಬ್ಬ ಮಹಾಶಯನೂ ಕೇಳಿರಲಿಲ್ಲ. ನಿವೃತ್ತ ಅಧಿಕಾರಿ ಎಂದರೆ ಸಾಕು, ಇವರ ಕೈ ಶಾಲು ಹುಡುಕುತ್ತದೆ.

ಶನಿವಾರ ವಾರಂಟ್ ಹಿಡಿದು ಇಬ್ಬರೂ ಊರಂಚಿನ ಶ್ರೀಮಂತರ ಬಡಾವಣೆ ಕ್ಲೈನ್‌ಬರ್ಗಿನಲ್ಲಿದ್ದ ಅವನ ಮಗನ ಮನೆಗೆ ಹೋದರು. ಮೂರು ಕಾರಿನ ಗ್ಯಾರೇಜು. ಸೋಫಾದಲ್ಲಿ ವೀರಭದ್ರಪ್ಪ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

"ನಿನ್ನೆ ಆ ಹಾಲಿಗೆ ಹೋಗಿದ್ರಾ?"

"ನಾನ್ಯಾರು ಗೊತ್ತೇನಯ್ಯಾ ನಿಂಗೆ?"

"ಗೊತ್ತು. ಅದಕ್ಕೇ ಬಂದಿದ್ದು."

ಬೇಸ್‌ಮೆಂಟಿನ ಸೂಟ್‌ಕೇಸುಗಳ ಹಿಂದಿನಿಂದ ಮೇಧಾ ಫೋಟೊ ತಂದಳು. ಅದರ ಮೇಲೆ ಗಂಧದ ಹಾರ. ಚೌಕಟ್ಟಿನ ಮೇಲೆ ಊದುಬತ್ತಿಯ ಬೂದಿ.

"ಹಾರ ಯಾಕೆ ಹಾಕಿದ್ರಿ?"

"ಸತ್ತೋರ ಫೋಟೊ ಹಾಗೇ ಇಡೋಕಾಗುತ್ತೇನಯ್ಯಾ? ಮನೆಗೆ ಒಳ್ಳೇದಲ್ಲ."

"ಸತ್ತಿದ್ದು ಹೆಂಡ್ತಿಗೇ ಗೊತ್ತಿಲ್ಲ. ನಿಮಗ್ಯಾರು ಹೇಳಿದ್ರು?"

ವಕೀಲರನ್ನು ಕರೆಯಬಹುದು ಎಂದರೂ ಮುದುಕ ಕೇಳಿಸಿಕೊಳ್ಳಲಿಲ್ಲ.

"ಒಂದೇಟು ಜಾಸ್ತಿ ಆಯ್ತು. ಮೇಲಿನೋರ ಆರ್ಡರು. ನಾವೇನ್ ಮಾಡಕ್ಕಾಗುತ್ತೆ?"

ಥೂ, ಇಂಥವರಿಗೆ ಸದಾ ಒಬ್ಬ ಮೇಲಿನವನು ಇದ್ದೇ ಇರುತ್ತಾನೆ! ಸದ್ಯಕ್ಕೆ ಕಳ್ಳತನದ ಮೇಲೆ ಬಂಧನವಾಯಿತು. ಕೊಲೆಯ ಹೇಳಿಕೆಯನ್ನು ಬೆಂಗಳೂರಿಗೆ ಕಳಿಸಬೇಕಿತ್ತು. ಫೋಟೊ ಕದ್ದ ಕಾರಣ ಇಷ್ಟೇ: ಭಾನುವಾರ ಆ ಮುಖದ ಮುಂದೆ ನಿಂತು ದೀಪ ಹಚ್ಚಬೇಕಿತ್ತು. ನಲವತ್ತು ವರ್ಷ ಚೆನ್ನಾಗಿ ನಿದ್ದೆ ಮಾಡಿದವನಿಗೆ ಅದೊಂದಕ್ಕೆ ಧೈರ್ಯ ಸಾಲಲಿಲ್ಲ. ಶಾರದಮ್ಮನಿಗೆ ನಿಜ ಹೇಳುವ ಬದಲು ಫೋಟೊವನ್ನೇ ಕದ್ದ.

ಠಾಣೆಯಲ್ಲಿ ಫೋಟೊ ತೋರಿಸಿದಾಗ ಶಾರದಮ್ಮ ಮೊದಲು ನೋಡಿದ್ದು ಹಾರವನ್ನು. ಯಾರೂ ಏನೂ ಹೇಳಬೇಕಾಗಲಿಲ್ಲ. ಅಳು ನಿಂತ ಮೇಲೆ ಒಂದೇ ಮಾತು ಕೇಳಿದರು.

"ಯಾವತ್ತು ಅಂತ ಕೇಳಿ ಸಾರ್. ತಿಥಿ ಮಾಡ್ಬೇಕು."

ಚಂದ್ರಮೋಹನ ಲಾಕಪ್ಪಿಗೆ ಹೋಗಿ ಕೇಳಿದ. ವೀರಭದ್ರಪ್ಪನಿಗೆ ತನ್ನ ಪ್ರಮೋಷನ್ ಆದ ತಾರೀಖು ಬಾಯಿಪಾಠವಿತ್ತು.

"ಅದು ನೆನಪಿಲ್ಲ ಕಣಯ್ಯಾ. ದಿನಾ ಎಷ್ಟೊಂದು ಜನ ಬರೋರು."

ಹೊರಗೆ ಬೆಂಚಿನ ಮೇಲೆ ಶಾರದಮ್ಮ ಉತ್ತರಕ್ಕೆ ಕಾಯುತ್ತಿದ್ದರು.